ಹೊರನಾಡಿನ ಮಕ್ಕಳಿಗೆ ತಾಯ್ನುಡಿಯ ಪಾಠ

ಒಬ್ಬ ಹೆಣ್ಣುಮಗಳಿಗೆ ವಿದ್ಯೆಯನ್ನು ಕೊಟ್ಟರೆ ಒಂದು ಮನೆಗೇ ವಿದ್ಯೆಯನ್ನು ಕೊಟ್ಟಂತಾಗುವುದೆಂದು ಹಿರಿಯರು ಹೇಳುವರು. ಆದರೆ ಆ ಮನೆಯು ಎಲ್ಲಿರುವುದೆಂದು ಕೇಳಿದರೆ ಈಗ ಕೊಡಬೇಕಾದ ಉತ್ತರವು ಹಿಂದಿನಂತಿಲ್ಲ. ಒಂದು ಕಾಲದಲ್ಲಿ ಶಿವಗಂಗೆಯ ಸುತ್ತಣ ಹಳ್ಳಿಯ ಹುಡುಗಿಯು ಮದುವೆಯಾಗಿ ನೆಲಮಂಗಲಕ್ಕೋ ಮಾಗಡಿಗೋ ತುಮಕೂರಿಗೋ ಹೋಗುತ್ತಿದ್ದಳು. ಬಹು ದೂರವೆಂದರೆ ಮೈಸೂರು. ಈಗ ಅವಳ ಮೊಮ್ಮಗಳು ದುಬೈಯಲ್ಲೋ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಕ್ಯಾಲಿಫೋರ್ನಿಯದಲ್ಲೋ ಸಂಸಾರ ಹೂಡಿರುವಳು. ಅಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಕನ್ನಡವನ್ನು ಹೇಗೆ ಕಲಿಸಬೇಕೆಂಬುದು ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಅನೇಕರ ಮನೆಯ ಪ್ರಶ್ನೆಯಾಗಿರುವುದರಿಂದ, ಆ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಬರೆಯುವೆವು.

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. ಊರಿನಲ್ಲಿರುವ ಅಜ್ಜಿಗೆ ಇಂಗ್ಲಿಷು ಬಾರದು; ಹೊರನಾಡಿನಲ್ಲಿರುವ ಮೊಮ್ಮಗುವಿಗೆ ಕನ್ನಡವು ಬಾರದು. ದೂರವಾಣಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡುವ ಅನುಕೂಲವೇನೋ ಬಂದಿದೆ, ಆದರೆ "ಊಟ ಆಯಿತಾ?" "ಆಯಿತು" ಎಂಬ ಎರಡು ಮಾತುಗಳಾದ ಮೇಲೆ ಇಬ್ಬರೂ ನಗುತ್ತ ಸುಮ್ಮನಿರಬೇಕಾಗುವುದು. ಯಂತ್ರವು ದೂರವನ್ನು ಕಡಿಮೆ ಮಾಡಿತು. ಮಾತಿಲ್ಲದುದರಿಂದ ದೂರವು ಹಾಗೆಯೇ ಉಳಿಯಿತು. ಅಜ್ಜಿಯ ಬಾಳಿನ ಅನುಭವವೂ ಅವಳ ಕತೆಗಳೂ ಅವಳ ಬುದ್ಧಿಮಾತುಗಳೂ ಆ ಮಗುವಿನ ಪಾಲಿಗೆ ಬೀಗ ಹಾಕಿದ ಪೆಟ್ಟಿಗೆಯಂತೆ ಆಗುವುವು.

ಪರದೇಶಕ್ಕೆ ಹೋಗಿ ನೆಲಸಿದ ಜನರಲ್ಲಿ ಮಾತೃಭಾಷೆಯು ಕ್ಷಯಿಸುವ ಕ್ರಮವು ಬಹುಮಟ್ಟಿಗೆ ಎಲ್ಲೆಲ್ಲಿಯೂ ಒಂದೇ ಬಗೆಯಾಗಿರುತ್ತದೆ. ಮೊದಲನೆಯ ತಲೆಮಾರಿನವರು ಅದನ್ನು ಆಡುವರು. ಎರಡನೆಯ ತಲೆಮಾರಿನವರು ಅದನ್ನು ಕೇಳಿ ತಿಳಿದುಕೊಳ್ಳುವರು, ಆದರೆ ಉತ್ತರವನ್ನು ಆ ದೇಶದ ಭಾಷೆಯಲ್ಲಿ ಕೊಡುವರು. ಮೂರನೆಯವರಿಗೆ ಎರಡೂ ತಪ್ಪಿಹೋಗುವುವು. ಇವುಗಳಲ್ಲಿ ನಡುವಣ ಹಂತವೇ ತಂದೆತಾಯಿಗಳನ್ನು ಮೋಸಗೊಳಿಸುವಂಥದು. "ನಮ್ಮ ಮಗುವಿಗೆ ಎಲ್ಲವೂ ತಿಳಿಯುತ್ತದೆ, ಮಾತಾಡುವುದು ಮಾತ್ರ ಕಡಿಮೆ" ಎಂದು ಅವರು ಸಮಾಧಾನಪಟ್ಟುಕೊಳ್ಳುವರು. ಕೇಳಿ ತಿಳಿಯುವ ಭಾಷೆ ಬೇರೆ, ಆಡುವ ಭಾಷೆ ಬೇರೆ. ಆಡದ ಭಾಷೆಯನ್ನು ಯಾರೂ ತಮ್ಮ ಮಕ್ಕಳಿಗೆ ಕೊಡಲಾರರು.

ಇದಕ್ಕೆ ಕಾರಣವು ಮಗುವಿನ ಸೋಮಾರಿತನವಲ್ಲ. ಮೂರು ವರ್ಷದವರೆಗೆ ಮಗುವಿಗೆ ಮನೆಯೇ ಲೋಕವಾಗಿರುವುದರಿಂದ ಮನೆಯ ಮಾತು ತಾನಾಗಿಯೇ ಬರುವುದು. ಶಿಶುವಿಹಾರಕ್ಕೆ ಹೋಗಲು ತೊಡಗಿದ ಮೇಲೆ ಆಟದ ಜೊತೆಗಾರರ ಮಾತೇ ಮೇಲಾಗುವುದು. ಜೊತೆಗಾರರಂತೆ ಆಗಬೇಕೆಂಬುದು ಎಲ್ಲ ಮಕ್ಕಳ ಸಹಜವಾದ ಆಸೆ. ಆಗ ತಂದೆತಾಯಿಗಳೂ ಮಗುವಿನ ಹಿಂದೆಯೇ ಹೋಗಿ ಇಂಗ್ಲಿಷಿಗೆ ತಿರುಗಿದರೆಂದರೆ ಆ ಮನೆಯಲ್ಲಿ ಕನ್ನಡಕ್ಕೆ ಇನ್ನು ಕೆಲಸವಿರುವುದಿಲ್ಲ; ಕೆಲಸವಿಲ್ಲದ ಭಾಷೆಯು ನಿಲ್ಲುವುದಿಲ್ಲ.

ಎರಡು ಭಾಷೆಗಳನ್ನು ಒಟ್ಟಿಗೆ ಕಲಿಸಿದರೆ ಮಗುವಿನ ಬುದ್ಧಿಯು ಗೊಂದಲಕ್ಕೀಡಾಗುವುದೆಂಬ ಭಯವೂ ಕೆಲವರಲ್ಲಿ ಉಂಟು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿದ್ವಾಂಸರಲ್ಲಿಯೂ ಅನೇಕರು ಹೀಗೆಯೇ ಎಣಿಸಿದ್ದರು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್, ವಾಲೇಸ್ ಲ್ಯಾಂಬರ್ಟ್ ಎಂಬಿಬ್ಬರು ಹತ್ತು ವರ್ಷದ ಶಾಲಾ ಮಕ್ಕಳನ್ನು ಪರೀಕ್ಷಿಸಿ 1962ರಲ್ಲಿ ಪ್ರಕಟಿಸಿದ ಲೇಖನವು ಆ ಎಣಿಕೆಯನ್ನು ತಲೆಕೆಳಗು ಮಾಡಿತು. ಫ್ರೆಂಚು ಇಂಗ್ಲಿಷು ಎರಡನ್ನೂ ಚೆನ್ನಾಗಿ ಬಲ್ಲ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬೀಳದೆ, ಅನೇಕ ಪರೀಕ್ಷೆಗಳಲ್ಲಿ ಮುಂದಾಗಿಯೇ ಇದ್ದರು. ಚಿಕ್ಕ ಮಗುವು ಒಂದೇ ವಾಕ್ಯದಲ್ಲಿ ಎರಡು ಭಾಷೆಗಳ ಶಬ್ದಗಳನ್ನು ಬೆರಸುವುದು ಗೊಂದಲದ ಗುರುತಲ್ಲ. ಕೈಗೆ ಸಿಕ್ಕಿದ ಶಬ್ದದಿಂದ ಕೆಲಸವನ್ನು ಸಾಧಿಸಿಕೊಳ್ಳುವ ಜಾಣತನವೇ ಅದು.

ಈ ವಿಷಯದಲ್ಲಿ ಬಹಳ ಕಾಲದಿಂದ ಯೋಚಿಸಿ ಏರ್ಪಾಡು ಮಾಡಿಕೊಂಡಿರುವ ಒಂದು ಚಿಕ್ಕ ಜನಾಂಗದ ಉದಾಹರಣೆಯನ್ನು ನೋಡೋಣ. ಯುರೋಪು ಖಂಡದ ಉತ್ತರದ ತುದಿಯಲ್ಲಿರುವ ಫಿನ್ಲೆಂಡು ದೇಶದ ಜನಸಂಖ್ಯೆಯು ಸುಮಾರು 55 ಲಕ್ಷ. 2011ರ ಜನಗಣತಿಯಲ್ಲಿ ಬೆಂಗಳೂರು ನಗರವೊಂದರಲ್ಲಿಯೇ 84 ಲಕ್ಷ ಜನರಿದ್ದರೆಂದರೆ ಆ ದೇಶವೆಷ್ಟು ಚಿಕ್ಕದೆಂಬುದು ತಿಳಿಯುವುದು. ಅದು 1809ರವರೆಗೆ ಸ್ವೀಡನ್ನಿನ ಆಳ್ವಿಕೆಗೂ ಆಮೇಲೆ 1917ರವರೆಗೆ ರಷ್ಯಾದ ಆಳ್ವಿಕೆಗೂ ಒಳಪಟ್ಟಿತ್ತು. ಬಹುಕಾಲ ಫಿನ್ನಿಷ್ ಭಾಷೆಯು ರೈತರ ಮನೆಗಳಲ್ಲಿ ಉಳಿದಿತ್ತೇ ಹೊರತು ಕಚೇರಿಗಳಲ್ಲಿ ಅದಕ್ಕೆ ಮನ್ನಣೆಯಿರಲಿಲ್ಲ. ಮಿಕಾಯೆಲ್ ಅಗ್ರಿಕೋಲ ಎಂಬ ಧರ್ಮಗುರುವು 1543ರಲ್ಲಿ ಆ ಭಾಷೆಯ ಮೊದಲನೆಯ ಅಕ್ಷರಮಾಲೆಯ ಪುಸ್ತಕವನ್ನು ಅಚ್ಚು ಹಾಕಿಸಿದನು. ಎಲಿಯಾಸ್ ಲ್ಯೋನ್ರೋಟ್ ಎಂಬ ವೈದ್ಯನು ಹಳ್ಳಿ ಹಳ್ಳಿಗಳನ್ನು ತಿರುಗಿ ಜನರ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿ 1835ರಲ್ಲಿ ಕಾಲೇವಲ ಎಂಬ ಮಹಾಕಾವ್ಯವಾಗಿ ಹೊರತಂದನು. ಭಾಷೆಯನ್ನು ಹೀಗೆ ಪ್ರಯಾಸದಿಂದ ಮೇಲೆತ್ತಿದ ಜನರಿಗೆ ಅದರ ಬೆಲೆಯು ಚೆನ್ನಾಗಿ ಗೊತ್ತು.

ಫಿನ್ನರು ತಮ್ಮ ದೇಶವನ್ನು ಸುವೋಮಿ ಎಂದು ಕರೆಯುವರು. ಪರದೇಶಗಳಲ್ಲಿ ನೆಲಸಿದ ಫಿನ್ನಿಷ್ ತಂದೆತಾಯಿಗಳು ಸಂಘಗಳನ್ನು ಕಟ್ಟಿಕೊಂಡು ನಡೆಸುವ ಪಾಠಶಾಲೆಗಳಿಗೆ ಸುವೋಮಿ ಶಾಲೆಗಳೆಂದು ಹೆಸರು. ಜಗತ್ತಿನಲ್ಲಿ ಇಂಥವು ನೂರಕ್ಕೂ ಮಿಕ್ಕು ಇವೆ. ಮಕ್ಕಳು ವಾರದ ದಿನಗಳಲ್ಲಿ ಆಯಾ ದೇಶದ ಶಾಲೆಗೆ ಹೋಗಿ, ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಸಂಜೆಯ ಹೊತ್ತು ಅಥವಾ ಶನಿವಾರ ಇಲ್ಲಿ ಕೂಡುವರು. ಫಿನ್ಲೆಂಡಿನ ಸರಕಾರವು ತನ್ನ ವಿದ್ಯಾಭ್ಯಾಸದ ಇಲಾಖೆಯ ಮೂಲಕ ಇವಕ್ಕೆ ಸಹಾಯದ್ರವ್ಯವನ್ನು ಕೊಡುವುದು. ಅಲ್ಲಿ ವ್ಯಾಕರಣವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹಾಡು, ಆಟ, ಅಡಿಗೆ, ಕೈಕೆಲಸ, ಕತೆ ಇವುಗಳೊಡನೆ ಭಾಷೆಯನ್ನು ಆಡಿಸುವುದೇ ಹೆಚ್ಚು. ಫೆಬ್ರವರಿ 28ರಂದು ಕಾಲೇವಲದ ದಿನ, ಏಪ್ರಿಲ್ 9ರಂದು ಅಗ್ರಿಕೋಲನ ದಿನ, ಡಿಸೆಂಬರ್ 6ರಂದು ಸ್ವಾತಂತ್ರ್ಯದ ದಿನ, ಹೀಗೆ ವರುಷದ ಹಬ್ಬಗಳೇ ಪಾಠಗಳಾಗುವುವು.

ಆ ಭಾಷೆಗೂ ನಮ್ಮದಕ್ಕೂ ಸಂಬಂಧವಿಲ್ಲದಿದ್ದರೂ ಕಟ್ಟಣೆಯಲ್ಲಿ ಒಂದು ಹೋಲಿಕೆಯುಂಟು. ತಲೊ ಎಂದರೆ ಮನೆ. ತಲೊಸ್ಸ ಎಂದರೆ ಮನೆಯಲ್ಲಿ. ತಲೊಸ್ತ ಎಂದರೆ ಮನೆಯಿಂದ. ನಮ್ಮ ವಿಭಕ್ತಿಪ್ರತ್ಯಯಗಳಂತೆ ಅಲ್ಲಿಯೂ ಶಬ್ದದ ಕೊನೆಗೆ ಪ್ರತ್ಯಯವು ಸೇರುವುದು. ತಕ್ಕ ಎಂದರೆ ಬೆಂಕಿಗೂಡು, ತಾಕ್ಕ ಎಂದರೆ ಹೊರೆ. ನಮ್ಮಲ್ಲಿ ಬಳೆಯು ದೀರ್ಘವಾದರೆ ಬಾಳೆಯಾಗುವಂತೆ, ಕತೆಗೆ ಒತ್ತು ಬಿದ್ದರೆ ಕತ್ತೆಯಾಗುವಂತೆ. ಇಂಗ್ಲಿಷು ಕೇಳಿ ಬೆಳೆಯುವ ಮಕ್ಕಳಿಗೆ ಈ ಪ್ರತ್ಯಯಗಳೂ ಹ್ರಸ್ವ ದೀರ್ಘಗಳೂ ಒತ್ತಕ್ಷರಗಳೂ ಕಷ್ಟವಾಗುವುವು. ಆದುದರಿಂದ ಅವರು ಎಡವುವ ಜಾಗವೂ ನಮ್ಮ ಮಕ್ಕಳು ಎಡವುವ ಜಾಗವೂ ಬಹುಮಟ್ಟಿಗೆ ಒಂದೇ.

ಆದರೆ ಶಾಲೆಯೊಂದಿದ್ದರೆ ಸಾಕೆಂದು ಭಾವಿಸಲಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕಾದ ಮಿಷಿಗನ್ ಪ್ರಾಂತಕ್ಕೆ ಹೋಗಿ ನೆಲಸಿದ ಫಿನ್ನರ ಸಭೆಯು 1896ರಲ್ಲಿ ಹ್ಯಾನ್‌ಕಾಕ್ ಎಂಬ ಊರಿನಲ್ಲಿ ಸುವೋಮಿ ಕಾಲೇಜನ್ನು ಸ್ಥಾಪಿಸಿತು. ಕಾಲೇಜು ಬೆಳೆಯಿತು, ಆದರೆ ತಲೆಮಾರುಗಳು ಕಳೆದಂತೆ ಮನೆಗಳಲ್ಲಿ ಆ ಭಾಷೆಯು ಅಡಗುತ್ತ ಬಂದಿತು. ಮುಂದೆ ಫಿನ್ಲಾಂಡಿಯ ವಿಶ್ವವಿದ್ಯಾಲಯವೆಂದು ಹೆಸರು ಪಡೆದ ಆ ಸಂಸ್ಥೆಯೂ 2023ರಲ್ಲಿ ಮುಚ್ಚಿತು. ಕಟ್ಟಡವೂ ಹೆಸರೂ ಭಾಷೆಯನ್ನು ಕಾಯಲಾರವು.

ಇನ್ನು ನಮ್ಮವರ ಪ್ರಯತ್ನಗಳನ್ನು ನೋಡುವ. ಕನ್ನಡವನ್ನು ಮಾತೃಭಾಷೆಯೆಂದು 2011ರಲ್ಲಿ ಬರೆಯಿಸಿದವರು ಸುಮಾರು 4 ಕೋಟಿ 37 ಲಕ್ಷ ಜನರು. ಹೊರನಾಡುಗಳಿಗೆ ಹೋದವರು ಅಲ್ಲಲ್ಲಿ ಕೂಟಗಳನ್ನು ಕಟ್ಟಿದ್ದಾರೆ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರಲ್ಲಿಯೇ ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟವು ಹುಟ್ಟಿತು. ಇಂಗ್ಲೆಂಡಿನ ಕನ್ನಡ ಬಳಗವು 1983ರದು. ಸಿಂಗಪುರದ ಕನ್ನಡ ಸಂಘವು 1996ರದು. ಅಮೆರಿಕಾದ ಕೂಟಗಳನ್ನೆಲ್ಲ ಕೂಡಿಸಿದ ಅಕ್ಕ ಎಂಬ ಒಕ್ಕೂಟವು 1998ರದು. ದುಬೈಯಲ್ಲಿ 2014ರಲ್ಲಿ ಪ್ರಾರಂಭವಾದ ಕನ್ನಡ ಪಾಠಶಾಲೆಯು ಮಕ್ಕಳಿಗೆ ಶುಲ್ಕವಿಲ್ಲದೆ ಓದುಬರಹವನ್ನು ಕಲಿಸುತ್ತ ಬಂದಿದೆ. ಇಂಥ ಪಾಠಗಳನ್ನು ಹೇಳಿಕೊಡುವವರಲ್ಲಿ ತಾಯಂದಿರೇ ಬಹಳ. ವಾರವೆಲ್ಲ ಬೇರೆ ಉದ್ಯೋಗದಲ್ಲಿ ದುಡಿದು, ರಜೆಯ ದಿನವನ್ನು ಈ ಕೆಲಸಕ್ಕೆ ಕೊಡುವವರು.

ಹೊರಗಿನ ಆಸರೆಯು ಎಲ್ಲೆಡೆಯೂ ಸಮನಾಗಿಲ್ಲ. ಸಿಂಗಪುರದ ಶಾಲೆಗಳಲ್ಲಿ ತಮಿಳು ಅಧಿಕೃತ ಭಾಷೆಯಾಗಿ ನಡೆಯುವುದಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಈ ಐದನ್ನು ಮಾತೃಭಾಷೆಯ ಸ್ಥಾನದಲ್ಲಿ ಓದಲು ಅವಕಾಶವಿದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಅಲ್ಲಿಯ ಕನ್ನಡದ ಹುಡುಗಿಯು ಪರೀಕ್ಷೆಗಾಗಿ ಬೇರೊಂದು ಭಾಷೆಯನ್ನು ಓದಿ, ತನ್ನದನ್ನು ಮನೆಯಲ್ಲಿಯೂ ಸಂಘದಲ್ಲಿಯೂ ಕಲಿಯಬೇಕು. ಅಂಕಗಳ ಆಸೆಯಿಲ್ಲದೆ ಕಲಿಯಬೇಕಾದ ಭಾಷೆಗೆ ಅಂಕಗಳಿಗಿಂತ ಬಲವಾದ ಕಾರಣವೊಂದು ಬೇಕು.

ವಾರದ ಪಾಠಶಾಲೆಯಿಂದ ಎಷ್ಟು ಸಾಧ್ಯವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ವಾರಕ್ಕೆ ಎರಡು ಗಂಟೆಯಂತೆ ವರುಷದಲ್ಲಿ 35 ವಾರ ಪಾಠ ನಡೆದರೆ 70 ಗಂಟೆಗಳಾದುವು. ಮಗುವು ದಿನಕ್ಕೆ 14 ಗಂಟೆ ಎಚ್ಚರವಾಗಿರುವುದೆಂದು ಹಿಡಿದರೆ ಆ 70 ಗಂಟೆಗಳು ಐದೇ ದಿನಗಳಿಗೆ ಸಮ. ವರುಷಕ್ಕೆ ಐದು ದಿನ ಆಡಿದ ಭಾಷೆಯು ಮುನ್ನೂರ ಅರುವತ್ತು ದಿನ ಆಡಿದ ಭಾಷೆಯ ಮುಂದೆ ಹೇಗೆ ನಿಂತೀತು? ಪಾಠಶಾಲೆಯು ಅಕ್ಷರವನ್ನು ಕಲಿಸಬಲ್ಲದು. "ನನ್ನಂತೆ ಕನ್ನಡವನ್ನಾಡುವ ಮಕ್ಕಳು ಇನ್ನೂ ಇದ್ದಾರೆ" ಎಂಬ ಧೈರ್ಯವನ್ನು ಕೊಡಬಲ್ಲದು. ಇವೆರಡೂ ದೊಡ್ಡ ಉಪಕಾರಗಳೇ. ಮಾತನ್ನು ಮಾತ್ರ ಮನೆಯೇ ಕೊಡಬೇಕು.

ಮನೆಯಲ್ಲಿ ಅನುಸರಿಸತಕ್ಕ ಕ್ರಮಗಳು ಕಷ್ಟವಾದುವಲ್ಲ, ಎಡೆಬಿಡದೆ ನಡೆಸಬೇಕಾದುವು. ಮೊದಲನೆಯದಾಗಿ, ಕನ್ನಡಕ್ಕೆಂದು ಒಂದು ಹೊತ್ತನ್ನೋ ಒಂದು ಜಾಗವನ್ನೋ ಗೊತ್ತುಮಾಡಬೇಕು: ಊಟದ ಹೊತ್ತು, ಜಡೆ ಹೆಣೆಯುವ ಹೊತ್ತು, ಮಲಗುವ ಮುಂಚಿನ ಕತೆಯ ಹೊತ್ತು. ಎರಡನೆಯದಾಗಿ, ಮಗುವು ಇಂಗ್ಲಿಷಿನಲ್ಲಿ ಕೇಳಿದರೂ ಹಿರಿಯರು ಕನ್ನಡದಲ್ಲಿಯೇ ಉತ್ತರ ಕೊಡಬೇಕು. ಮೂರನೆಯದಾಗಿ, ತಪ್ಪನ್ನು ತಿದ್ದುವ ಬಗೆಯನ್ನು ಅರಿಯಬೇಕು. "ಅಜ್ಜಿ ಬಂದನು" ಎಂದು ಮಗುವು ಹೇಳಿದರೆ "ತಪ್ಪು, ಹಾಗಲ್ಲ" ಎಂದು ತಡೆಯದೆ, "ಹೌದಮ್ಮ, ಅಜ್ಜಿ ಬಂದರು. ಏನು ತಂದರು?" ಎಂದು ಸರಿಯಾದ ರೂಪವನ್ನು ಮಾತಿನಲ್ಲಿಯೇ ಸೇರಿಸಿ ಮುಂದೆ ಸಾಗಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ನಗಬಾರದು. ರಜೆಗೆ ಊರಿಗೆ ಬಂದ ಮಗುವು 'ಹಳ್ಳಿ' ಎನ್ನಲಾರದೆ 'ಹಲ್ಲಿ' ಎಂದಾಗ ನೆಂಟರೆಲ್ಲ ಸುತ್ತ ನಿಂತು ನಕ್ಕು, ಮತ್ತೊಮ್ಮೆ ಹೇಳಿಸುವರು. ಅವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಆದರೆ ಮಗುವಿಗೆ ತಿಳಿಯುವುದು ನಗೆ ಮಾತ್ರ. ಅಂದು ಮುಚ್ಚಿದ ಬಾಯಿಯು ಆಮೇಲೆ ಕನ್ನಡಕ್ಕೆ ತೆರೆಯದೆಯೇ ಹೋಗಬಹುದು.

ಅಕ್ಷರಗಳ ಕ್ರಮವೂ ಯೋಚಿಸತಕ್ಕದ್ದು. ವರ್ಣಮಾಲೆಯನ್ನೂ ಕಾಗುಣಿತವನ್ನೂ ಮೊದಲಿಂದ ಕೊನೆಯವರೆಗೆ ಬರೆಯಿಸಿ ಆಮೇಲೆ ಶಬ್ದಕ್ಕೆ ಬರುವುದು ಊರಿನ ಶಾಲೆಗೆ ಒಪ್ಪಬಹುದು. ಅಲ್ಲಿ ಮಗುವಿಗೆ ಮಾತು ಮೊದಲೇ ಗೊತ್ತಿರುವುದು. ಹೊರನಾಡಿನಲ್ಲಿ ಮಗುವಿನ ಹೆಸರು, ಅಮ್ಮ, ಅಜ್ಜ, ಮನೆ, ಮರ ಎಂಬ ಬೇಕಾದ ಶಬ್ದಗಳಿಂದ ತೊಡಗಿ, ಅವುಗಳೊಳಗಿಂದ ಅಕ್ಷರಗಳನ್ನು ಬಿಡಿಸಿ ತೋರಿಸುವುದು ಲೇಸು. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆದ ಹಾಡುಗಳು ನಾಲಗೆಯನ್ನು ತಿದ್ದುವುದರಲ್ಲಿ ಯಾವ ವ್ಯಾಕರಣಕ್ಕೂ ಕಡಿಮೆಯಾದುವಲ್ಲ.

ಭಾಷೆಯೊಡನೆ ಸಂಸ್ಕೃತಿಯನ್ನೂ ಕಲಿಸಬೇಕೆಂದು ಎಲ್ಲರೂ ಹೇಳುವರು. ಆದರೆ ಸಂಸ್ಕೃತಿಯೆಂದರೆ ರಾಜ್ಯೋತ್ಸವದ ದಿನ ಮಗುವಿಗೆ ಸೀರೆಯುಡಿಸಿ ವೇದಿಕೆಯ ಮೇಲೆ ನಿಲ್ಲಿಸುವುದಷ್ಟೇ ಆದರೆ ಅದು ಮರುದಿನಕ್ಕೆ ಉಳಿಯುವುದಿಲ್ಲ. "ನಮ್ಮ ನಾಡು ಶ್ರೇಷ್ಠವಾದುದು" ಎಂದು ನೂರು ಸಲ ಹೇಳುವುದಕ್ಕಿಂತ ನಾಡಿನ ಒಂದು ಜಾಗವನ್ನು ಚೆನ್ನಾಗಿ ಪರಿಚಯ ಮಾಡಿಸುವುದು ಮೇಲು. ನಮ್ಮ ಕಣ್ಣೆದುರಿಗಿರುವ ಶಿವಗಂಗೆಯ ಬೆಟ್ಟವನ್ನೇ ತೆಗೆದುಕೊಂಡು ಪಾಠವು ಹೇಗೆ ನಡೆಯಬಹುದೆಂಬುದನ್ನು ತೋರಿಸುವೆವು.

ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರವಿರುವ ಈ ಬೆಟ್ಟವು ಮೂಡಲಿಂದ ನೋಡಿದರೆ ಬಸವನಂತೆ, ಪಡುವಲಿಂದ ಗಣಪನಂತೆ, ತೆಂಕಲಿಂದ ಲಿಂಗದಂತೆ, ಬಡಗಲಿಂದ ಹೆಡೆಯೆತ್ತಿದ ನಾಗರದಂತೆ ಕಾಣುವುದೆಂದು ಜನರು ಹೇಳುವರು. ಚಿಕ್ಕ ಮಗುವಿಗೆ ಇದೇ ಮೊದಲನೆಯ ಪಾಠ. ಒಂದು ಚಿತ್ರವನ್ನು ಬರೆಯಿಸಿದರೆ ನಾಲ್ಕು ದಿಕ್ಕುಗಳ ಅಚ್ಚಗನ್ನಡದ ಹೆಸರುಗಳೂ 'ಇಂದ', 'ಅಂತೆ' ಎಂಬ ರೂಪಗಳೂ ಆಟದಲ್ಲಿಯೇ ಬಂದುಬಿಡುವುವು. ಎರಡನೆಯ ಪಾಠವು ಹತ್ತುವುದು: ಮೆಟ್ಟಿಲುಗಳನ್ನು ಎಣಿಸುವುದು, ಏರು, ಇಳಿ, ಜಾರು, ಏದುಸಿರು, ಬಾಯಾರಿಕೆ, ನೆರಳು. ಮೂರನೆಯದು ಬೆಟ್ಟದ ಮೇಲಿರುವ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒಳಕಲ್ಲಿನಂತೆ ಒಂದು ಗುಳಿಯಿದೆ; ಅದರೊಳಗೆ ಕೈಯಿಟ್ಟರೆ ಪುಣ್ಯವಂತರಿಗೆ ನೀರು ಸಿಕ್ಕುವುದೆಂಬ ನಂಬಿಕೆ. ಆದರೆ ಒಳಕಲ್ಲು ಎಂದರೇನು? ಯಂತ್ರದಲ್ಲಿ ಅರೆಯುವುದನ್ನು ಮಾತ್ರ ಕಂಡ ಮಗುವಿಗೆ ಅದು ತಿಳಿಯದು. ಆ ಪ್ರಶ್ನೆಯನ್ನು ಅಜ್ಜಿಗೇ ಕೇಳಬೇಕು. ಅಜ್ಜಿಯು ರುಬ್ಬುಗುಂಡನ್ನೂ ಒನಕೆಯನ್ನೂ ಹಬ್ಬದ ಹಿಂದಿನ ದಿನ ಹಿಟ್ಟು ರುಬ್ಬುತ್ತಿದ್ದುದನ್ನೂ ಹೇಳಲು ತೊಡಗಿದರೆ "ಊಟ ಆಯಿತಾ" ಎಂಬಲ್ಲಿಗೇ ನಿಲ್ಲುತ್ತಿದ್ದ ಮಾತು ಅರ್ಧ ಗಂಟೆ ನಡೆಯುವುದು.

ನಾಲ್ಕನೆಯ ಪಾಠಕ್ಕೆ ಗಂಗಾಧರೇಶ್ವರನ ಗುಡಿಯಿದೆ. ಅಲ್ಲಿ ಲಿಂಗಕ್ಕೆ ತುಪ್ಪವನ್ನು ಸವರಿದರೆ ಬೆಣ್ಣೆಯಾಗುವುದೆಂದು ಪ್ರತೀತಿ. ಮನೆಯಲ್ಲಿ ಹಾಲು ಮೊಸರಾಗಿ, ಮೊಸರನ್ನು ಕಡೆದು ಬೆಣ್ಣೆಯಾಗಿ, ಬೆಣ್ಣೆಯನ್ನು ಕಾಯಿಸಿ ತುಪ್ಪವಾಗುವುದನ್ನು ತಾಯಿಯು ಮಾಡಿ ತೋರಿಸಿದರಲ್ಲವೆ, ಬೆಟ್ಟದ ಮೇಲೆ ಈ ಕ್ರಮವು ಹಿಂದುಮುಂದಾಗಿದೆಯೆಂಬ ಬೆರಗು ಮಗುವಿಗೆ ತಿಳಿಯುವುದು! ದೊಡ್ಡ ಮಕ್ಕಳಿಗೆ ಐದನೆಯ ಪಾಠವುಂಟು. ಹೊಯ್ಸಳ ವಿಷ್ಣುವರ್ಧನನ ರಾಣಿಯೂ ನೃತ್ಯಗೀತಗಳಲ್ಲಿ ನಿಪುಣೆಯೂ ಆಗಿದ್ದ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನವು ಹೇಳುವುದು. ಅವಳು ಬೆಟ್ಟದ ಅಂಚಿನಿಂದ ಬಿದ್ದು ಸತ್ತಳೆಂಬುದು ಜನರ ಮಾತು. ಶಾಸನದಲ್ಲಿರುವುದು ಯಾವುದು, ಬಾಯಿಂದ ಬಾಯಿಗೆ ಬಂದುದು ಯಾವುದು ಎಂದು ಬೇರ್ಪಡಿಸಲು ಕಲಿತ ಹುಡುಗಿಯು ಭಾಷೆಯೊಡನೆ ವಿವೇಕವನ್ನೂ ಕಲಿತಂತಾಯಿತು.

ಸಂಸ್ಕೃತಿಯ ಇನ್ನೊಂದು ಪಾಠವು ನಂಟಿನ ಹೆಸರುಗಳಲ್ಲಿದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಇಂಗ್ಲಿಷಿನಲ್ಲಿ 'ಅಂಕಲ್'. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಮೂವರೂ 'ಆಂಟಿ'. ಯಾರು ತಂದೆಯ ಕಡೆಯವರು, ಯಾರು ತಾಯಿಯ ಕಡೆಯವರು, ಯಾರು ಹಿರಿಯರು ಎಂಬ ಕುಟುಂಬದ ನಕ್ಷೆಯೇ ಆ ಶಬ್ದಗಳಲ್ಲಿದೆ. ಹಾಗೆಯೇ 'ಬಾ' ಎಂಬುದಕ್ಕೂ 'ಬನ್ನಿ' ಎಂಬುದಕ್ಕೂ ಇರುವ ಭೇದವನ್ನು ಅರಿತ ಮಗುವು ಗೌರವವನ್ನು ಪುಸ್ತಕದಿಂದಲ್ಲ, ಮಾತಿನಿಂದಲೇ ಕಲಿಯುವುದು.

ಇಷ್ಟೆಲ್ಲವೂ ಹೊರಗಿನವರಿಗೆ ಸಾಧ್ಯವಾದೀತೇ ಎಂದು ಸಂದೇಹಪಡಬೇಕಾದುದಿಲ್ಲ. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಇಲ್ಲಿಗೆ ಬಂದ ಫರ್ಡಿನಾಂಡ್ ಕಿಟ್ಟೆಲರು ಕನ್ನಡವನ್ನು ಕಲಿತು, 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಪಂಡಿತರ ಶಬ್ದಗಳೊಡನೆ ಜನರ ಗಾದೆಗಳೂ ಸೇರಿವೆ. ಕನ್ನಡದ ಒಂದು ಮಾತೂ ಕಿವಿಗೆ ಬೀಳದ ನಾಡಿನಲ್ಲಿ ಹುಟ್ಟಿದವರಿಗೆ ಇದು ಸಾಧ್ಯವಾಯಿತೆಂದರೆ, ಕನ್ನಡದ ಜೋಗುಳವನ್ನು ಕೇಳಿ ಮಲಗಿದ ಮಗುವಿಗೆ ಏಕೆ ಸಾಧ್ಯವಾಗದು?

ಕಡೆಯದಾಗಿ, ಊರಿನಲ್ಲಿಯೇ ಇರುವ ಪೂರ್ವ ವಿದ್ಯಾರ್ಥಿನಿಯರಿಗೆ ಒಂದು ಮಾತು. ಹೊರನಾಡಿನ ಮಕ್ಕಳ ಕನ್ನಡವು ಅಲ್ಲಿಯ ತಾಯಂದಿರ ಹೊರೆ ಮಾತ್ರವೆಂದು ಭಾವಿಸಬಾರದು. ಆ ಮಗುವಿಗೆ ಕನ್ನಡವು ಏಕೆ ಬೇಕೆಂಬ ಪ್ರಶ್ನೆಗೆ ನೀವೇ ಉತ್ತರವಾಗಿದ್ದೀರಿ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಕ್ಷೇಮಸಮಾಚಾರವನ್ನು ಮುಗಿಸಿ ಇಟ್ಟುಬಿಡದೆ ಒಂದು ಚಿಕ್ಕ ಕತೆಯನ್ನು ಹೇಳಿರಿ. ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿರಿ. ದಪ್ಪ ಅಕ್ಷರಗಳಲ್ಲಿ ನಾಲ್ಕು ಸಾಲಿನ ಕಾಗದವೊಂದನ್ನು ಬರೆದು ಮಗುವಿನ ಹೆಸರಿಗೇ ಕಳುಹಿಸಿರಿ. ತನ್ನ ಹೆಸರಿಗೆ ಬಂದ ಕಾಗದವನ್ನು ಓದದೆ ಬಿಡುವ ಮಗುವಿಲ್ಲ. ಅದು ತಪ್ಪು ತಪ್ಪಾಗಿ ಬರೆದ ಉತ್ತರವು ಬಂದಾಗ, ತಪ್ಪುಗಳನ್ನು ಎಣಿಸದೆ ಮರು ಉತ್ತರವನ್ನು ಬರೆಯಿರಿ. ಮಗುವಿಗೆ ಕನ್ನಡದಲ್ಲಿ ಕಾದಿರುವವರು ಒಬ್ಬರಾದರೂ ಇರುವವರೆಗೆ ಆ ಭಾಷೆಗೆ ಕೆಲಸವುಂಟು. ಕೆಲಸವಿರುವವರೆಗೆ ಅದು ಅಲ್ಲಿಯೂ ಬಾಳುವುದು.